ಕೀಲಿಕೈ ಕೊಟ್ಟವರಿಗೆ ಏನು ಸಿಕ್ಕಿತು?

ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ವೆಲಾಸ್ಕೆಸ್ ಬರೆದ ‘ಬ್ರೆಡಾದ ಶರಣಾಗತಿ’ ಚಿತ್ರ ನೋಡಿ ಬಂದ ಮೇಲೆ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬ್ರೆಡಾ ಅಂದರೆ ಸ್ಪೇನಿನ ದಂಡು ಡಚ್ಚರಿಂದ ಗೆದ್ದ ಕೋಟೆ ಊರು. ಚಿತ್ರ ಮೂರು ಮೀಟರ್‌ಗೂ ಎತ್ತರ, ಮೂರೂವರೆ ಮೀಟರ್‌ಗೂ ಅಗಲ. ಅಷ್ಟು ದೊಡ್ಡ ಚಿತ್ರದ ನಟ್ಟನಡುವೆ ಒಂದು ಕೀಲಿಕೈ. ಸೋತವನು ಅದನ್ನು ಮುಂದೆ ಚಾಚಿದ್ದಾನೆ. ಗೆದ್ದವನು ಇನ್ನೂ ಕೈಗೆ ತೆಗೆದುಕೊಂಡಿಲ್ಲ. ಅದಕ್ಕಿಂತ ಮೊದಲು ಸೋತವನ ಹೆಗಲ ಮೇಲೆ ಕೈ ಇಟ್ಟಿದ್ದಾನೆ, ಮಂಡಿ ಊರಬೇಡ ಅನ್ನುವ ಹಾಗೆ. ಒಂಬತ್ತು ತಿಂಗಳು ಮುತ್ತಿಗೆ ಹಾಕಿ, ಊರಿನ ಸುತ್ತ ಕಂದಕ ತೋಡಿ, ಒಳಗಿದ್ದವರನ್ನು ಹಸಿವಿನಿಂದ ಸುಸ್ತು ಮಾಡಿದ ದಂಡಿಗೆ ಈ ಕೀಲಿಕೈ ಯಾಕೆ ಬೇಕಾಯಿತು? ಬಾಗಿಲು ಒಡೆಯುವ ತೋಪುಗಳು ಅವರ ಹತ್ತಿರ ಇದ್ದವಲ್ಲ.

ನಾನು ಹೋದ ದಿನ ಚಿತ್ರದ ಎದುರು ಶಾಲೆಯ ಮಕ್ಕಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಏನೇನು ಕಾಣುತ್ತೆ ಹೇಳಿ ಅಂತ ಟೀಚರ್ ಕೇಳುತ್ತಿದ್ದರು. ನನ್ನ ಜೊತೆಗಿದ್ದ ಗೆಳತಿ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಕುದುರೆ ಅಂದರು. ಕುದುರೆಯ ಹಿಂಭಾಗ ನಮ್ಮ ಕಡೆಗೇ ಇದೆ, ಮಕ್ಕಳಿಗೆ ಅದೇ ಮೊದಲು ಕಾಣುತ್ತೆ. ಈಟಿ ಅಂದರು. ಬಲಗಡೆ ಸ್ಪೇನಿನ ದಂಡಿನ ಈಟಿಗಳು ಅಡಿಕೆ ಮರದ ಹಾಗೆ ನೆಟ್ಟಗೆ ನಿಂತಿವೆ. ಹೊಗೆ, ನೀರು, ಟೊಪ್ಪಿ, ಬಾವುಟ ಎಲ್ಲ ಬಂತು. ಕೀಲಿಕೈ ಹೆಸರು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಹಿಂದೆ ನಿಂತ ಸಿಪಾಯಿಯ ಬಟ್ಟೆಯ ತಿಳಿ ಬಣ್ಣದ ಎದುರು ಕಪ್ಪಗೆ ಕಾಣುವ ಹಾಗೆ ಚಿತ್ರಕಾರ ಅದನ್ನು ಇಟ್ಟಿದ್ದಾನೆ. ಒಮ್ಮೆ ಕಂಡಿತು ಅಂದರೆ ಮತ್ತೆ ಕಣ್ಣು ಬೇರೆ ಕಡೆ ಹೋಗುವುದಿಲ್ಲ.

ಈ ಚಿತ್ರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗೆದ್ದವನ ದೊಡ್ಡ ಮನಸ್ಸಿನ ಬಗ್ಗೆ ಬರೆಯುತ್ತಾರೆ. ಅದು ನಿಜವೇ. ಆದರೆ ನನಗೆ ಕಾಡಿದ್ದು ಕೊಟ್ಟವರ ಕಡೆಯ ಲೆಕ್ಕ. ಊರಿನ ಕೀಲಿಕೈ ಕೊಟ್ಟರು ಸರಿ, ಅದಕ್ಕೆ ಬದಲಾಗಿ ಏನು ಸಿಕ್ಕಿತು? ಸಿಕ್ಕಿದ್ದು ಎಷ್ಟು ದಿನ ಉಳಿಯಿತು?

ಬ್ರೆಡಾದಲ್ಲಿ ನಡೆದದ್ದು

1624ರ ಆಗಸ್ಟ್ ಕೊನೆಯಲ್ಲಿ ಸ್ಪೇನಿನ ದಂಡು ಬ್ರೆಡಾವನ್ನು ಸುತ್ತುವರಿಯಿತು. ಸೇನಾಪತಿ ಅಂಬ್ರೋಜಿಯೊ ಸ್ಪಿನೋಲಾ. ಜಿನೋವಾದ ಲೇವಾದೇವಿ ಮನೆತನದವನು, ಯುದ್ಧಕ್ಕೆ ಸ್ವಂತ ದುಡ್ಡು ಸುರಿದವನು. ಊರಿನ ಒಳಗೆ ಇದ್ದ ಅಧಿಕಾರಿ ನಸಾವ್ ಮನೆತನದ ಜಸ್ಟಿನಸ್. ಆಗಲೇ ಅರವತ್ತೈದರ ಆಸುಪಾಸಿನ ಮುದುಕ. ಸ್ಪಿನೋಲಾ ಗೋಡೆ ಹತ್ತಲು ಹೋಗಲಿಲ್ಲ. ಊರಿಗೆ ಕಾಳು ಬರುವ ದಾರಿಗಳನ್ನೆಲ್ಲ ಕಟ್ಟಿ ಸುಮ್ನೆ ಕಾದ. ಒಳಗೆ ಪ್ಲೇಗು ಬಂತು. ಸ್ಕರ್ವಿ ಬಂದು ಸಿಪಾಯಿಗಳ ಒಸಡು ಬಾತು, ಕಾಲು ಏಳದ ಹಾಗಾಯಿತು. ಬಿಡಿಸಲು ಬರುತ್ತಾನೆ ಅಂತ ನಂಬಿದ್ದ, ಡಚ್ಚರ ಮುಖಂಡ ರಾಜಕುಮಾರ ಮಾರಿಸ್ 1625ರ ಏಪ್ರಿಲ್‌ನಲ್ಲಿ ತೀರಿಕೊಂಡ. ಜೂನ್ ಮೊದಲ ವಾರದಲ್ಲಿ ಕರಾರು ಆಯಿತು. ಜೂನ್ 5ರಂದು ಡಚ್ ದಂಡು ಊರು ಬಿಟ್ಟು ಹೊರಟಿತು.

ಆ ಕರಾರು ಓದುವಂಥದ್ದು. ಸೋತ ಸಿಪಾಯಿಗಳು ಆಯುಧದ ಸಮೇತ ಹೊರಗೆ ಹೋಗಬಹುದು. ಬಾವುಟ ಬಿಚ್ಚಿಕೊಂಡು, ನಗಾರಿ ಬಾರಿಸಿಕೊಂಡು ಹೋಗಬಹುದು. ಯಾರೂ ಅವರನ್ನು ಹಂಗಿಸುವ ಹಾಗಿಲ್ಲ. ಅವರು ಹಾಗೇ ಹೋದರು, ಗೀರ್ಟ್ರುಡೆನ್‌ಬರ್ಗ್ ಕಡೆಗೆ. ಸ್ಪಿನೋಲಾ ದಾರಿಯಲ್ಲಿ ನಿಂತು ಹೊರಟವರಿಗೆ ಮರ್ಯಾದೆಯಿಂದ ವಂದಿಸಿದ ಅಂತ ಅಲ್ಲಿದ್ದವರೇ ಬರೆದಿದ್ದಾರೆ.

ಅವರ ಬರಹದಲ್ಲಿ ಕೀಲಿಕೈ ಇಲ್ಲ. ಹಾಗೆ ಒಂದು ಕೀಲಿಕೈ ಕೈ ಬದಲಿಸಿದ ಪ್ರಸಂಗ ಬ್ರೆಡಾದಲ್ಲಿ ನಡೆದಿರಲಿಕ್ಕಿಲ್ಲ ಅಂತಲೇ ಈಗಿನ ಇತಿಹಾಸಕಾರರು ಹೇಳುತ್ತಾರೆ. ಕೀಲಿಕೈ ಬಂದದ್ದು ಮ್ಯಾಡ್ರಿಡ್‌ನ ರಂಗದ ಮೇಲೆ. ಗೆದ್ದ ಸಂಭ್ರಮದಲ್ಲಿ ಕಾಲ್ಡೆರಾನ್ ಒಂದು ನಾಟಕ ಬರೆದ. ಅದರಲ್ಲಿ ಜಸ್ಟಿನಸ್ ಕೀಲಿಕೈ ಒಪ್ಪಿಸುತ್ತಾನೆ. ಸೋತವನ ಶೌರ್ಯದಿಂದಲೇ ಗೆದ್ದವನಿಗೆ ಹೆಸರು ಬರುವುದು ಅಂತ ಸ್ಪಿನೋಲಾ ಹೇಳುತ್ತಾನೆ. ಸುಮಾರು ಹತ್ತು ವರ್ಷದ ನಂತರ, 1634–35ರಲ್ಲಿ, ವೆಲಾಸ್ಕೆಸ್ ಅದೇ ಕೀಲಿಕೈಯನ್ನು ಚಿತ್ರದ ನಡುವೆ ತಂದಿಟ್ಟ. ಅವನು ಬ್ರೆಡಾ ಊರನ್ನೇ ಕಂಡವನಲ್ಲ. ಆದರೆ ಸ್ಪಿನೋಲಾನನ್ನು ಕಂಡಿದ್ದ. 1629ರಲ್ಲಿ ಇಬ್ಬರೂ ಬಾರ್ಸಿಲೋನಾದಿಂದ ಒಂದೇ ಹಡಗಿನಲ್ಲಿ ಇಟಲಿಗೆ ಹೋಗಿದ್ದರು. ಮಾರನೆಯ ವರ್ಷ ಸ್ಪಿನೋಲಾ ತೀರಿಕೊಂಡ. ಚಿತ್ರದಲ್ಲಿ ಆ ಮುಖದ ಮೇಲೆ ಇರುವ ದಣಿವು ಮತ್ತು ಮೆದುತನ ಕಣ್ಣಾರೆ ನೋಡಿದ ಮನುಷ್ಯನದು ಅಂತ ನನಗೆ ಅನಿಸುತ್ತದೆ.

ಚಿತ್ರವನ್ನು ತೂಗುಹಾಕಿದ್ದು ಮ್ಯಾಡ್ರಿಡ್‌ನ ಬುಯೆನ್ ರೆಟೀರೊ ಅರಮನೆಯಲ್ಲಿ, ರಾಜ್ಯಗಳ ಸಭಾಂಗಣದಲ್ಲಿ. ಸ್ಪೇನ್ ಗೆದ್ದ ಯುದ್ಧಗಳ ಒಟ್ಟು ಹನ್ನೆರಡು ಚಿತ್ರಗಳಲ್ಲಿ ಇದೂ ಒಂದು. ಅದಾಗಿ ಎರಡು ವರ್ಷಕ್ಕೆ, 1637ರಲ್ಲಿ, ಡಚ್ಚರು ಬ್ರೆಡಾವನ್ನು ವಾಪಸ್ ಗೆದ್ದುಕೊಂಡರು. ಊರು ಕೈಬಿಟ್ಟು ಹೋಯಿತು, ಕೀಲಿಕೈ ಮಾತ್ರ ಅರಮನೆಯ ಗೋಡೆಯ ಮೇಲೆ ಉಳಿಯಿತು. ಇನ್ನೂ ಹಿಂದಿನ ಕಥೆ ಒಂದಿದೆ. 1590ರಲ್ಲಿ ಇದೇ ಊರನ್ನು ಡಚ್ಚರು ಸ್ಪೇನಿನಿಂದ ಕಿತ್ತುಕೊಂಡದ್ದು ಉರುವಲಿನ ದೋಣಿಯಲ್ಲಿ. ಒಲೆ ಉರಿಸುವ ಪೀಟ್ ಮಣ್ಣಿನ ಹೆಂಟೆಗಳನ್ನು ಮೇಲೆ ಪೇರಿಸಿ, ಕೆಳಗೆ ಸುಮಾರು 70 ಸಿಪಾಯಿಗಳನ್ನು ಅಡಗಿಸಿ, ಕೋಟೆಯ ಒಳಗೇ ದೋಣಿ ನುಗ್ಗಿಸಿದ್ದರು. ಆ ದಿನ ಯಾರೂ ಯಾರಿಗೂ ಕೀಲಿಕೈ ಕೊಡಲಿಲ್ಲ. ಅರ್ಧ ಶತಮಾನದ ಒಳಗೆ ಒಂದೇ ಊರು ಮೂರು ಸಲ ಕೈ ಬದಲಿಸಿತು. ನಮಗೆ ನೆನಪಿರುವುದು ಕೀಲಿಕೈ ಇರುವ ಒಂದು ಸಲ ಮಾತ್ರ.

ತಾನಾಗಿ ಕೊಡಬೇಕು

ಕೆಲವು ವರ್ಷದ ಹಿಂದೆ ಶಿರಸಿ ಕಡೆಯ ನಮ್ಮ ಹಳೇ ಮನೆ ಮಾರಿದೆವು. ರಿಜಿಸ್ಟ್ರಿ ಆಗಿತ್ತು, ದುಡ್ಡು ಬ್ಯಾಂಕಿಗೆ ಬಂದಿತ್ತು. ಕೊಂಡುಕೊಂಡವರು ಮನೆಗೆ ಬಂದು ಅಂಗಳದಲ್ಲಿ ನಿಂತರು. ಒಳಗೆ ಬರಲಿಲ್ಲ. ಆ ಮನೆಯ ಹಿತ್ತಲ ಬಾಗಿಲು ತಳ್ಳಿದರೆ ತೆರೆದುಕೊಳ್ಳುತ್ತಿತ್ತು, ಅದು ಅವರಿಗೂ ಗೊತ್ತು. ಮುಂಬಾಗಿಲ ಬೀಗ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಆದರೂ ದೊಡ್ಡಪ್ಪನಿಗೆ ಅವರು ಹೇಳಿದರು, ‘ಹೆಗಡೇರೇ, ನೀವೇ ಕೈಯಾರೆ ಕೀಲಿಕೈ ಕೊಡಬೇಕು. ಮನಸ್ಸಿಟ್ಟು ಕೊಡಿ.’ ದೊಡ್ಡಪ್ಪ ದೇವರ ಗೂಡಿನ ಪಕ್ಕದ ಮೊಳೆಯಿಂದ ಗೊಂಚಲು ತೆಗೆದು ತಂದರು. ಅದರಲ್ಲಿ ಮುಂಬಾಗಿಲಿನದು ಯಾವುದು ಅಂತ ಹುಡುಕಲು ಹೊತ್ತು ಹಿಡಿಯಿತು. ಬಂದವರು ಎರಡೂ ಕೈ ಚಾಚಿ ಅಷ್ಟು ಹೊತ್ತೂ ಕಾದರು. ಕಾನೂನಿನ ಪ್ರಕಾರ ಮನೆ ಆಗಲೇ ಅವರದು. ಆದರೆ ಮನೆ ಬಿಡುವವರು ಹೂಂ ಅನ್ನದೆ ಅವರಿಗೆ ಸಮಾಧಾನ ಇರಲಿಲ್ಲ.

ರಾಜರಿಗೂ ಸೇನಾಪತಿಗಳಿಗೂ ಇದೇ ಹಂಬಲ ಇರುತ್ತದೆ ಅಂತ ನನಗೆ ತಿಳಿದದ್ದು ಮಾಸ್ಕೋದ ಕಥೆ ಓದಿದಾಗ. 1812ರ ಸೆಪ್ಟೆಂಬರ್ 14. ನೆಪೋಲಿಯನ್ ಊರ ಹೊರಗಿನ ಪೊಕ್ಲೊನ್ನಾಯಾ ಗುಡ್ಡದ ಮೇಲೆ ಬಂದು ನಿಂತ. ಕೆಳಗೆ ಇಡೀ ಮಾಸ್ಕೋ, ಚರ್ಚುಗಳ ಗುಮ್ಮಟಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಊರಿನ ಹಿರಿಯರು ಕೀಲಿಕೈ ಹಿಡಿದು ಬರುತ್ತಾರೆ ಅಂತ ಅವನು ಕಾದ. ವಿಯೆನ್ನಾ, ಬರ್ಲಿನ್‌ನಂಥ ರಾಜಧಾನಿಗಳನ್ನೇ ಹೊಕ್ಕು ಬಂದವನು ಅವನು, ಎಲ್ಲ ಕಡೆ ಮಾತಾಡಲು ಯಾರಾದರೂ ಮುಂದೆ ಬಂದಿದ್ದರು. ಇಲ್ಲಿ ಯಾರೂ ಬರಲಿಲ್ಲ. ಗಂಟೆಗಟ್ಟಲೆ ಕಾದರೂ ಬರಲಿಲ್ಲ. ಊರೇ ಖಾಲಿಯಾಗಿದೆ ಅಂತ ಸುದ್ದಿ ತಂದವರನ್ನು ಅವನು ನಂಬಲಿಲ್ಲ. ಅವನ ಜೊತೆಗಿದ್ದ ಸೆಗ್ಯೂರ್ ಈ ಕಾಯುವಿಕೆಯನ್ನು ತುಂಬ ಚೆನ್ನಾಗಿ ಬರೆದಿದ್ದಾನೆ. ಅಧಿಕಾರಿಗಳು ಪಿಸುಗುಟ್ಟುತ್ತಾರೆ, ಚಕ್ರವರ್ತಿಗೆ ಯಾರು ಹೇಳುವುದು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆ ರಾತ್ರಿಯೇ ಬೆಂಕಿ ಬಿತ್ತು. ಬೆಂಕಿ ಆರಿಸುವ ಪಂಪುಗಳನ್ನು ಗವರ್ನರ್ ರೊಸ್ತೊಪ್ಚಿನ್ ಮೊದಲೇ ಊರಿನಿಂದ ಸಾಗಿಸಿಬಿಟ್ಟಿದ್ದ. ನಾಲ್ಕೈದು ದಿನದಲ್ಲಿ ಊರಿನ ಬಹುಪಾಲು ಸುಟ್ಟುಹೋಯಿತು. ನೆಪೋಲಿಯನ್ ಒಂದು ತಿಂಗಳ ಮೇಲೂ ಅಲ್ಲೇ ಉಳಿದ. ಸಂಧಿಗೆ ಪತ್ರ ಬರೆದ, ದೂತರನ್ನು ಕಳಿಸಿದ. ಜಾರ್ ಅಲೆಕ್ಸಾಂಡರ್ ಉತ್ತರ ಕೊಡಲಿಲ್ಲ. ಕೊನೆಗೆ ಅಕ್ಟೋಬರ್ 19ರಂದು ಜಾಗ ಖಾಲಿ ಮಾಡಿದ. ಮುಂದಿನದು ಎಲ್ಲರಿಗೂ ಗೊತ್ತು. ಮಾಸ್ಕೋ ಅವನ ಕೈಯಲ್ಲಿತ್ತು, ಆದರೆ ‘ತಗೋ’ ಅಂತ ಕೊಡುವವರು ಇರಲಿಲ್ಲ. ಕೊಡುವವರಿಲ್ಲದ ಮೇಲೆ ಕರಾರು ಯಾರ ಜೊತೆ ಮಾಡುವುದು? ರಷ್ಯನ್ನರು ಇದನ್ನು ಚೆನ್ನಾಗಿ ಅರಿತಿದ್ದರು ಅಂತ ಕಾಣುತ್ತದೆ. ಸೇಂಟ್ ಪೀಟರ್ಸ್‌ಬರ್ಗ್‌ನ ಕಜಾನ್ ಚರ್ಚಿನಲ್ಲಿ ಅವರ ಸೇನಾಪತಿ ಕುಟುಜೋವ್‌ನ ಸಮಾಧಿ ಇದೆ. ಅದರ ಮೇಲೆ, ಮುಂದೆ ಯುರೋಪಿನಲ್ಲಿ ಅವರ ದಂಡು ಗೆದ್ದ ಊರುಗಳ ಕೀಲಿಕೈಗಳನ್ನು ಗೋಡೆಗೆ ತೂಗುಹಾಕಿದ್ದಾರೆ.

ತೆಗೆದುಕೊಳ್ಳುವವರೇ ಸಿಗದ ಶರಣಾಗತಿಯೂ ಒಂದಿದೆ. 1917ರ ಡಿಸೆಂಬರ್ 9ರಂದು ಜೆರುಸಲೇಮಿನ ಮೇಯರ್ ಹುಸೇನ್ ಅಲ್-ಹುಸೇನಿ ಹಾಸಿಗೆಯ ಬಿಳಿ ದುಪ್ಪಟಿಯನ್ನು ಕೋಲಿಗೆ ಕಟ್ಟಿಸಿಕೊಂಡು ಊರ ಹೊರಗೆ ಬಂದರು. ತುರ್ಕರ ದಂಡು ರಾತ್ರಿಯೇ ಹೊರಟುಹೋಗಿತ್ತು. ಊರು ಒಪ್ಪಿಸುವ ಪತ್ರ ಮೇಯರ್ ಕೈಯಲ್ಲಿತ್ತು. ಎದುರಿಗೆ ಮೊದಲು ಸಿಕ್ಕವರು ಊರು ಗೆಲ್ಲಲು ಬಂದಿದ್ದ ಬ್ರಿಟಿಷ್ ದಂಡಿನ ಲಂಡನ್ ಪಲ್ಟಣಿನ ಅಡುಗೆಯವರು. ಆಮೇಲೆ ಸೆಜ್‌ವಿಕ್, ಹರ್ಕಂಬ್ ಅನ್ನುವ ಇಬ್ಬರು ಸಾರ್ಜೆಂಟ್‌ಗಳು. ಇದನ್ನು ತೆಗೆದುಕೊಳ್ಳುವ ಅಧಿಕಾರ ನಮಗಿಲ್ಲ ಅಂತ ಅವರೆಲ್ಲ ಹಿಂದೆ ಸರಿದರು. ಮೇಯರ್ ಒಬ್ಬರಾದ ಮೇಲೆ ಒಬ್ಬರ ಹತ್ತಿರ ಹೋಗಬೇಕಾಯಿತು. ಸಾರ್ಜೆಂಟ್‌ಗಳ ಜೊತೆ ಅವರು ನಿಂತ ಫೋಟೋ ಇವತ್ತಿಗೂ ಸಿಗುತ್ತದೆ. ಆ ಮನುಷ್ಯನಿಗೆ ಬೇಕಾಗಿದ್ದು ಒಂದೇ, ಊರಿನ ಮೇಲೆ ಗುಂಡು ಬೀಳಬಾರದು. ಅದಕ್ಕೆ ಯಾರಾದರೂ ಜವಾಬ್ದಾರಿ ಇರುವವರು ಆ ಪತ್ರ ತೆಗೆದುಕೊಂಡು ‘ಆಯಿತು’ ಅನ್ನಬೇಕಿತ್ತು.

ಕುತ್ತಿಗೆಗೆ ಹಗ್ಗ, ಕೈಯಲ್ಲಿ ಕೀಲಿಕೈ

ಲಂಡನ್ನಿನಲ್ಲಿ ಪಾರ್ಲಿಮೆಂಟ್ ಪಕ್ಕ, ಥೇಮ್ಸ್ ದಡದಲ್ಲಿ ಒಂದು ಪುಟ್ಟ ಉದ್ಯಾನ ಇದೆ. ವಿಕ್ಟೋರಿಯಾ ಟವರ್ ಗಾರ್ಡನ್ಸ್. ಆಫೀಸಿನವರು ಮಧ್ಯಾಹ್ನ ಬಂದು ಹುಲ್ಲಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಅಲ್ಲಿ ರೋಡಿನ್‌ನ ‘ಕ್ಯಾಲೆಯ ನಾಗರಿಕರು’ ಶಿಲ್ಪದ ಒಂದು ಎರಕ ನಿಲ್ಲಿಸಿದ್ದಾರೆ. ಆರು ಜನ ಗಂಡಸರು. ಮೈಮೇಲೆ ಬರೀ ಉದ್ದನೆಯ ಅಂಗಿ, ಬರಿಗಾಲು, ಕುತ್ತಿಗೆಯಲ್ಲಿ ಹಗ್ಗ. ನಾನು ಸುತ್ತ ತಿರುಗಿ ನೋಡುತ್ತಾ ಒಬ್ಬನ ಎದುರು ನಿಂತುಬಿಟ್ಟೆ. ಅವನ ಹೆಸರು ಜಾನ್ ದೇರ್. ಕೀಲಿಕೈ ಅವನ ಕೈಯಲ್ಲಿದೆ. ಬಹಳ ದೊಡ್ಡದು, ಎರಡೂ ಕೈಯಿಂದ ಹಿಡಿದಿದ್ದಾನೆ. ತುಟಿ ಬಿಗಿದಿದೆ, ದವಡೆ ಮುಂದೆ ಚಾಚಿದೆ, ಕಾಲು ಎರಡೂ ನೆಲಕ್ಕೆ ಕಚ್ಚಿಕೊಂಡಿವೆ. ಮಳೆ ಬಂದು ನಿಂತಿತ್ತು. ಕಂಚಿನ ಬೆರಳುಗಳ ಸಂದಿಯಿಂದ ನೀರು ಇಳಿಯುತ್ತಿತ್ತು. ಬ್ರೆಡಾದ ಚಿತ್ರದಲ್ಲಿ ಕೀಲಿಕೈ ಮುಂದೆ ಚಾಚಿಕೊಂಡಿದೆ, ಇಲ್ಲಿ ಮೈಗೆ ಒತ್ತಿಕೊಂಡಿದೆ. ಕಿತ್ತುಕೊಂಡರೂ ಬಿಡಲಾರ ಅನ್ನುವ ಹಾಗೆ. ಆದರೆ ಕೊಡಲಿಕ್ಕೆಂದೇ ಹೊರಟವನು ಅವನು.

ಕಥೆ 1347ರದು. ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡ್ ಫ್ರಾನ್ಸಿನ ಬಂದರು ಊರು ಕ್ಯಾಲೆಗೆ ಹನ್ನೊಂದು ತಿಂಗಳು ಮುತ್ತಿಗೆ ಹಾಕಿದ್ದ. ಒಳಗೆ ನಾಯಿ, ಇಲಿ ತಿಂದು ಬದುಕುವ ಹಾಗಾಗಿತ್ತು. ಊರಿನ ಆರು ಜನ ದೊಡ್ಡವರು ಬರಿದಲೆಯಲ್ಲಿ, ಬರಿಗಾಲಲ್ಲಿ, ಕುತ್ತಿಗೆಗೆ ಹಗ್ಗ ಹಾಕಿಕೊಂಡು ಊರಿನ ಮತ್ತು ಕೋಟೆಯ ಕೀಲಿಕೈ ತಂದು ಒಪ್ಪಿಸಿದರೆ ಉಳಿದವರನ್ನು ಬಿಡುತ್ತೇನೆ ಅಂದ. ಆ ಆರು ಜನರ ತಲೆ ಹಾರಿಸು ಅಂತ ಅಪ್ಪಣೆಯನ್ನೂ ಕೊಟ್ಟ. ತುಂಬು ಬಸುರಿ ರಾಣಿ ಫಿಲಿಪ್ಪಾ ಮೊಣಕಾಲೂರಿ ಬೇಡಿಕೊಂಡದ್ದರಿಂದ ಅವರು ಬದುಕಿದರು. ಇದು ಆ ಶತಮಾನದ ಚರಿತ್ರೆಕಾರ ಫ್ರುವಾಸಾರ್ ಬರೆದ ಕಥೆ. ಹಗ್ಗ, ಕಣ್ಣೀರು, ಕ್ಷಮೆ ಎಲ್ಲವೂ ಮೊದಲೇ ಮಾತಾಡಿಕೊಂಡ ಶಾಸ್ತ್ರ ಇರಬೇಕು ಅನ್ನುವ ಇತಿಹಾಸಕಾರರೂ ಇದ್ದಾರೆ. ಇದ್ದರೂ ಇರಬಹುದು. ಶಾಸ್ತ್ರವಾದರೇನು, ಆ ಹೊತ್ತಿಗೆ ಹಗ್ಗ ಬಿದ್ದದ್ದು ಅವರ ಕುತ್ತಿಗೆಗೇ ಅಲ್ವಾ?

ಶಿಲ್ಪದ ಸುತ್ತ ಜನ ಸಾಮಾನ್ಯವಾಗಿ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಮುಖ್ಯ ಅನಿಸುವುದು ಆಮೇಲಿನದು. ಎಡ್ವರ್ಡ್ ಊರಿನ ಜನರನ್ನು ಕೊಲ್ಲಲಿಲ್ಲ, ಅಷ್ಟರ ಮಟ್ಟಿಗೆ ಮಾತು ಉಳಿಯಿತು. ಆದರೆ ಅವರಲ್ಲಿ ಬಹುಪಾಲು ಜನರನ್ನು ಊರಿನಿಂದ ಹೊರಗೆ ಹಾಕಿದ. ಅವರ ಮನೆಗಳಿಗೆ ಇಂಗ್ಲೆಂಡಿನಿಂದ ಜನ ಕರೆಸಿ ಕೂರಿಸಿದ. ಆರು ಜನರ ಮುಖಂಡ ಯುಸ್ಟಾಸ್ ದ ಸೇಂಟ್ ಪಿಯರ್‌ಗೆ ಅದೇ ವರ್ಷ ಆಸ್ತಿ ಮತ್ತು ವರ್ಷಾಶನ ಕೊಟ್ಟ. 1558ರವರೆಗೆ, ಇನ್ನೂರು ವರ್ಷಕ್ಕೂ ಜಾಸ್ತಿ, ಕ್ಯಾಲೆ ಇಂಗ್ಲೆಂಡಿನ ಕೈಯಲ್ಲಿತ್ತು. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಯಾರೂ ಅಲ್ಲಿಗೆ ಸ್ವಂತದವರಾಗಿ ಕಾಲಿಡಲಿಲ್ಲ. ಕೀಲಿಕೈ ಹೊತ್ತ ಆರು ಜನರಿಗೆ ಶಿಲ್ಪ ಇದೆ. ಗಂಟುಮೂಟೆ ಹೊತ್ತು ಬಾಗಿಲಿನಿಂದ ಹೊರಬಿದ್ದ ಸಾವಿರಾರು ಜನರನ್ನು ನಾವು ಹೆಸರಿಟ್ಟು ಕರೆಯಲೂ ಆರೆವು.

ರೋಡಿನ್ ಈ ಆರು ಜನರನ್ನು ಎತ್ತರದ ಕಟ್ಟೆಯ ಮೇಲೆ ಇಡಬೇಡಿ, ಓಡಾಡುವವರ ಮಟ್ಟಕ್ಕೇ ಇಡಿ ಅಂತ ಕೇಳಿದ್ದನಂತೆ. ಕ್ಯಾಲೆಯವರು 1895ರಲ್ಲಿ ಕಟ್ಟೆಯ ಮೇಲೇ ಇಟ್ಟರು. ಅವನು ಸತ್ತ ಮೇಲೆ, 1924ರಲ್ಲಿ, ಕೆಳಗೆ ಇಳಿಸಿದರು. ಹಾಗೆ ಇಳಿಸಿದ್ದು ಒಳ್ಳೆಯದಾಯಿತು. ಈ ಮುಖಗಳನ್ನು ಕತ್ತೆತ್ತಿ ನೋಡಬಾರದು.

ರಸೀದಿ ಕೇಳಿದ ರಾಜ

ಗ್ರನಾಡಾಕ್ಕೆ ಬರುತ್ತೇನೆ. ಈ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. 1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಂ ರಾಜ ಬೊಆಬ್ದಿಲ್ ತನ್ನ ರಾಜಧಾನಿಯ ಕೀಲಿಕೈಗಳನ್ನು ಕ್ರೈಸ್ತ ರಾಜ ಫರ್ಡಿನಾಂಡ್‌ಗೆ ಒಪ್ಪಿಸಿದ. ಫರ್ಡಿನಾಂಡ್ ಅದನ್ನು ರಾಣಿ ಇಸಾಬೆಲ್‌ಗೆ ಕೊಟ್ಟ, ಅವಳು ಮಗನಿಗೆ ಕೊಟ್ಟಳು, ಅವನಿಂದ ಅದು ಗ್ರನಾಡಾದ ಕೋಟೆ-ಅರಮನೆ ಅಲ್‌ಹಂಬ್ರಾದ ಹೊಸ ಕಿಲ್ಲೇದಾರ ಟೆಂಡಿಲ್ಯಾದ ಕೌಂಟ್‌ನ ಕೈ ಸೇರಿತು. ಹೀಗೆ ಕೈಯಿಂದ ಕೈಗೆ ದಾಟಿದ್ದನ್ನು ಆ ಕಾಲದವರು ಬರೆದಿಟ್ಟಿದ್ದಾರೆ. ಎಷ್ಟೋ ಜನ ಚಿತ್ರ ಬರೆದಿದ್ದಾರೆ. ಮ್ಯಾಡ್ರಿಡ್‌ನ ಸೆನೆಟ್ ಭವನದಲ್ಲಿ ಪ್ರಾಡಿಯ್ಯಾ 1882ರಲ್ಲಿ ಬರೆದ ದೊಡ್ಡ ಚಿತ್ರ ಇದೆ. ಬೊಆಬ್ದಿಲ್ ಕಪ್ಪು ಕುದುರೆಯ ಮೇಲೆ ಬರುತ್ತಿದ್ದಾನೆ, ಕೈಯಲ್ಲಿ ಕೀಲಿಕೈ.

ಇದು ಎಲ್ಲರಿಗೂ ಕಾಣಲಿ ಅಂತ ಬೆಳಕಿನಲ್ಲಿ ನಡೆದ ಸಮಾರಂಭ. ನಿಜವಾದ ಹಸ್ತಾಂತರ ಅದಕ್ಕಿಂತ ಮೊದಲು, ಬೆಳಗಿನ ಜಾವವೇ ಸದ್ದಿಲ್ಲದೆ ಮುಗಿದಿತ್ತು. ಊರಲ್ಲಿ ಗಲಾಟೆ ಆದೀತು ಅನ್ನುವ ಭಯ ಬೊಆಬ್ದಿಲ್‌ಗೆ. ಗುಟಿಯೆರ್ರೆ ದ ಕಾರ್ಡೆನಾಸ್ ಅನ್ನುವ ಅಧಿಕಾರಿ ಕತ್ತಲಲ್ಲೇ ಒಂದು ತುಕಡಿ ಕರೆದುಕೊಂಡು ಅಲ್‌ಹಂಬ್ರಾದ ಒಳಗೆ ಬಂದ. ಕೊಮಾರೆಸ್ ಗೋಪುರದಲ್ಲಿ ಬೊಆಬ್ದಿಲ್ ಅವನ ಕೈಗೆ ಕೀಲಿಕೈ ಕೊಟ್ಟ. ಕೊಟ್ಟು, ಬರಹದಲ್ಲಿ ರಸೀದಿ ಪಡೆದುಕೊಂಡ ಅಂತ ಆ ಕಾಲದ ವರದಿ ಹೇಳುತ್ತದೆ.

ರಸೀದಿ! ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸಾಮ್ರಾಜ್ಯ ಕಳೆದುಕೊಂಡು ಅತ್ತ ರಾಜ, ಅಮ್ಮನಿಂದ ಬೈಸಿಕೊಂಡ ರಾಜ ಅಂತೆಲ್ಲ ಇವನ ಬಗ್ಗೆ ಕಥೆ ಕಟ್ಟಿದ್ದಾರೆ. ಈ ರಸೀದಿಯಲ್ಲಿ ನನಗೆ ಕಾಣುವುದು ಬೇರೆಯೇ ಮನುಷ್ಯ. ತನ್ನ ಜನರ ಪರವಾಗಿ ಒಂದು ವ್ಯವಹಾರ ಮಾಡಿದ್ದಾನೆ, ನಮ್ಮ ಕಡೆಯಿಂದ ಸಲ್ಲಬೇಕಾದ್ದು ಸಂದಿದೆ ಅಂತ ಬರೆಸಿಕೊಳ್ಳುತ್ತಿದ್ದಾನೆ. ಯಾಕೆಂದರೆ 1491ರ ನವೆಂಬರ್ 25ರಂದೇ ಕರಾರು ಆಗಿತ್ತು. ಗ್ರನಾಡಾದ ಮುಸ್ಲಿಮರು ತಮ್ಮ ಧರ್ಮದಲ್ಲಿ ಇರಬಹುದು. ಮಸೀದಿಗಳು ಅವರ ಹತ್ತಿರವೇ ಇರುತ್ತವೆ. ವ್ಯಾಜ್ಯ ಬಂದರೆ ಅವರ ಕಾಜಿಗಳೇ ತೀರ್ಮಾನ ಮಾಡುತ್ತಾರೆ. ಮನೆ, ಹೊಲ ಯಾರೂ ಮುಟ್ಟುವುದಿಲ್ಲ. ಬಲವಂತವಾಗಿ ಯಾರನ್ನೂ ಮತಾಂತರ ಮಾಡುವುದಿಲ್ಲ. ರಾಜ ರಾಣಿಯರು ತಮ್ಮ ಹೆಸರಿನಲ್ಲಷ್ಟೇ ಅಲ್ಲ, ಮುಂದೆ ಬರುವ ತಮ್ಮ ವಂಶದವರ ಹೆಸರಿನಲ್ಲೂ ಮಾತು ಕೊಟ್ಟರು. ಕೀಲಿಕೈ ಕೊಟ್ಟದ್ದು ಇಷ್ಟಕ್ಕೆ ಬದಲಾಗಿ.

ಈ ಮಾತು ಎಂಟು ವರ್ಷ ಕೂಡ ಪೂರ್ತಿ ಉಳಿಯಲಿಲ್ಲ. 1499ರಲ್ಲಿ ಸಿಸ್ನೆರೋಸ್ ಅನ್ನುವ ಆರ್ಚ್‌ಬಿಷಪ್ ಗ್ರನಾಡಾಕ್ಕೆ ಬಂದ. ಜನರನ್ನು ಗುಂಪು ಗುಂಪಾಗಿ ನಿಲ್ಲಿಸಿ ದೀಕ್ಷೆ ಕೊಡಿಸಿದ. ಅರಬ್ಬಿ ಪುಸ್ತಕಗಳನ್ನು ಚೌಕದಲ್ಲಿ ರಾಶಿ ಹಾಕಿ ಸುಟ್ಟ. ಅಲ್ಬೈಸಿನ್ ಕೇರಿಯ ಜನ ತಿರುಗಿಬಿದ್ದರು. ನೀವು ದಂಗೆ ಎದ್ದಿರಿ, ಕರಾರು ನೀವೇ ಮುರಿದಿರಿ, ಇನ್ನು ನಮಗೆ ಅದರ ಹಂಗಿಲ್ಲ ಅಂದರು ಗೆದ್ದವರು. 1502ಕ್ಕೆ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರೆಲ್ಲ ಒಂದೋ ಮತ ಬಿಡಬೇಕು, ಇಲ್ಲವೇ ದೇಶ ಬಿಡಬೇಕು ಅಂತ ಆಜ್ಞೆಯಾಯಿತು. ಮತ ಬಿಟ್ಟವರ ಮೊಮ್ಮಕ್ಕಳ ಕಾಲಕ್ಕೆ ಅವರ ಭಾಷೆ, ಬಟ್ಟೆ, ಸ್ನಾನದ ಮನೆಗಳಿಗೂ ನಿಷೇಧ ಬಂತು. ಕೊನೆಗೆ 1609ರಿಂದ 1614ರ ಒಳಗೆ ಸುಮಾರು 3 ಲಕ್ಷ ಜನರನ್ನು ಹಡಗು ಹತ್ತಿಸಿ ಕಳಿಸಿಬಿಟ್ಟರು. ಅವರು ಹೆಸರಿಗೆ ಕ್ರೈಸ್ತರೇ ಆಗಿದ್ದರು.

ವೆಲಾಸ್ಕೆಸ್‌ನ ಚಿತ್ರದ ಬಲಗಡೆ ಕೆಳಗೆ, ಮೂಲೆಯಲ್ಲಿ, ಒಂದು ಖಾಲಿ ಹಾಳೆ ಬಿದ್ದಿದೆ. ಚಿತ್ರಕಾರ ಸಹಿ ಹಾಕಲೆಂದು ಬಿಟ್ಟ ಜಾಗ ಅದು, ಯಾಕೋ ಸಹಿ ಹಾಕಲೇ ಇಲ್ಲ ಅಂತ ವಿವರಣೆ. ಅದು ಸರಿಯಾದ ವಿವರಣೆಯೇ ಇರಬೇಕು. ಆದರೆ ಗ್ರನಾಡಾದ ಕಥೆ ಓದಿದ ಮೇಲೆ ನನ್ನ ಕಣ್ಣು ಕೀಲಿಕೈ ಬಿಟ್ಟು ಆ ಹಾಳೆಯ ಕಡೆಗೇ ಹೋಗುತ್ತದೆ. ಶರಣಾಗತಿಯ ಯಾವ ಚಿತ್ರ ಕಂಡರೂ ಈಗ ನಾನು ಹುಡುಕುವುದು ಕರಾರಿನಲ್ಲಿ ಏನು ಬರೆದಿತ್ತು ಅನ್ನುವುದನ್ನು. ಬ್ರೆಡಾದ ದೊಡ್ಡ ಮನಸ್ಸನ್ನು ಹಾಡಿ ಹೊಗಳಿದ ದರ್ಬಾರಿನಿಂದಲೇ, ಅದಕ್ಕೆ ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ, ಆ 3 ಲಕ್ಷ ಜನರ ಗಡಿಪಾರಿನ ಆಜ್ಞೆ ಹೊರಟಿತ್ತು. ರಾಜ ಬೇರೆ, ಮಗನ ಬದಲು ಅಪ್ಪ. ಗದ್ದುಗೆ ಅದೇ.

ಬಾಗಿಲು ಹಾಕಿಕೊಂಡವರು

ಕೊಡದೇ ಇದ್ದವರ ಮಾತೂ ಬರಬೇಕು. ಐರ್ಲೆಂಡಿನ ಡೆರ್ರಿಯಲ್ಲಿ 1688ರ ಡಿಸೆಂಬರ್ 7ರಂದು ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್‌ನ ದಂಡು ಪ್ರಾಟೆಸ್ಟಂಟರ ಊರ ಬಾಗಿಲಿಗೆ ಬಂತು. ಒಳಗೆ ದೊಡ್ಡವರು ಬಿಡೋಣವೋ ಬೇಡವೋ ಅಂತ ಚರ್ಚೆ ಮಾಡುತ್ತಿದ್ದರು. ಕೈಕಸುಬು ಕಲಿಯಲು ಬಂದಿದ್ದ ಹದಿಮೂರು ಹುಡುಗರು ಓಡಿಹೋಗಿ ಕೀಲಿಕೈ ಕಸಿದುಕೊಂಡು ಬಾಗಿಲು ಹಾಕಿಬಿಟ್ಟರು. ಮುಂದಿನ ವರ್ಷ ಮುತ್ತಿಗೆ 105 ದಿನ ನಡೆಯಿತು, ಒಳಗೆ ಸಾವಿರಾರು ಜನ ಹಸಿವು, ರೋಗದಿಂದ ಸತ್ತರು. ಊರು ಬೀಳಲಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಅಲ್ಲಿನ ಪ್ರಾಟೆಸ್ಟಂಟರು ಬಾಗಿಲು ಹಾಕಿದ ದಿನವನ್ನು ಆಚರಿಸುತ್ತಾರೆ. ಅದೇ ಊರಿನ ಕ್ಯಾಥೊಲಿಕ್ಕರಿಗೆ ಆ ಆಚರಣೆ ಬಹಳ ಕಾಲ ಗಾಯಕ್ಕೆ ಉಪ್ಪು ಸವರಿದ ಹಾಗೆ ಇತ್ತು.

ನಮ್ಮ ಕಿತ್ತೂರು ಇಲ್ಲಿ ನೆನಪಾಗದೆ ಇರದು. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಮೊದಲು ಮಾಡಿದ ಕೆಲಸ ಖಜಾನೆಗೆ ಮೊಹರು ಒತ್ತಿ ತನ್ನ ಕಾವಲು ಇಟ್ಟದ್ದು. ಕೀಲಿಕೈ ಕೊಡಿ ಅಂತ ಕೇಳುವ ಮರ್ಯಾದೆಯೂ ಅದರಲ್ಲಿ ಇರಲಿಲ್ಲ. ದತ್ತು ಮಗನನ್ನು ಒಪ್ಪಲಿಲ್ಲ, ಕರಾರಿನ ಮಾತಿಲ್ಲ, ಬದಲಿಗೆ ಏನನ್ನೂ ಕೊಡುವುದಿಲ್ಲ, ಸುಮ್ಮನೆ ಬೀಗ. ಅಕ್ಟೋಬರ್ 23ರಂದು ಚೆನ್ನಮ್ಮನ ಜನ ಕೋಟೆಯ ಬಾಗಿಲು ಹಾಕಿಕೊಂಡರು. ಆ ದಿನದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಹೊತ್ತಿಗೆ ಕಂಪನಿ ದೊಡ್ಡ ದಂಡು ತಂದು ಕೋಟೆ ಗೆದ್ದುಕೊಂಡಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಕಿತ್ತೂರು ಶರಣಾಗಬಹುದಿತ್ತು ಅಂತ ಸುಲಭವಾಗಿ ಹೇಳುವವರಿಗೆ ನಾನು ಕೇಳುವುದು ಇಷ್ಟೇ, ಯಾವ ಮಾತಿಗೆ ಬದಲಾಗಿ?

ಮನೆಯ ಕೀಲಿಕೈ

ಊರಿನ ಕೀಲಿಕೈ ಗೆದ್ದವನ ಹತ್ತಿರ ಹೋಗುತ್ತದೆ. ಮನೆಯ ಕೀಲಿಕೈ ಮನೆ ಬಿಟ್ಟವರ ಜೊತೆ ಹೋಗುತ್ತದೆ. ಗ್ರನಾಡಾ ಗೆದ್ದು ಮೂರು ತಿಂಗಳು ತುಂಬುವ ಮೊದಲೇ, 1492ರ ಮಾರ್ಚ್ 31ರಂದು, ಅದೇ ಅಲ್‌ಹಂಬ್ರಾದಲ್ಲಿ ಕೂತು ರಾಜ ರಾಣಿಯರು ಸ್ಪೇನಿನ ಯಹೂದಿಗಳೆಲ್ಲ ದೇಶ ಬಿಡಬೇಕು ಅಂತ ಆಜ್ಞೆ ಹೊರಡಿಸಿದರು. ತೊಲೇಡೊದ ಮನೆಯ ಕೀಲಿಕೈಯನ್ನು ಸಲೋನಿಕಾದಲ್ಲಿ, ಇಸ್ತಾಂಬುಲ್‌ನಲ್ಲಿ ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಕಥೆಗಳು ಸೆಫಾರ್ಡಿ ಯಹೂದಿಗಳ ಮನೆಗಳಲ್ಲಿವೆ. 1948ರಲ್ಲಿ ಮನೆ ಬಿಟ್ಟ ಪ್ಯಾಲೆಸ್ಟೀನಿನ ಸುಮಾರು 7 ಲಕ್ಷ ಜನರಲ್ಲಿ ಎಷ್ಟೋ ಮಂದಿ ಬೀಗ ಹಾಕಿ ಕೀಲಿಕೈ ಕೊರಳಿಗೆ ಕಟ್ಟಿಕೊಂಡು ಹೊರಟರು. ಕೆಲವು ದಿನದಲ್ಲಿ ವಾಪಸ್ ಬರುತ್ತೇವೆ ಅಂತ ಅವರು ನಂಬಿದ್ದರು. ಬೆತ್ಲೆಹೇಮಿನ ಆಯಿದಾ ನಿರಾಶ್ರಿತರ ಶಿಬಿರದ ಬಾಗಿಲ ಮೇಲೆ ಈಗ ಕಬ್ಬಿಣದ ದೊಡ್ಡ ಕೀಲಿಕೈ ಒಂದನ್ನು ಅಡ್ಡಡ್ಡ ಮಲಗಿಸಿ ಕೂರಿಸಿದ್ದಾರೆ. ಯಹೂದಿಯ ಕೀಲಿಕೈಯನ್ನೂ ಪ್ಯಾಲೆಸ್ಟೀನಿಯ ಕೀಲಿಕೈಯನ್ನೂ ಒಂದೇ ಸಾಲಿನಲ್ಲಿ ಹೇಳಿದರೆ ಇಬ್ಬರಿಗೂ ನೋವಾಗಬಹುದು. ಗೊತ್ತಿದ್ದೇ ಹೇಳುತ್ತಿದ್ದೇನೆ. ಮನೆಯ ಬಾಗಿಲು ಎಳೆದುಕೊಂಡು ಬೀಗ ತಿರುವಿದ ಕೈಗಳ ನಡುವೆ ನನಗೆ ಭೇದ ಮಾಡಲು ಆಗುವುದಿಲ್ಲ.

2015ರಲ್ಲಿ ಸ್ಪೇನ್ ಒಂದು ಕಾನೂನು ಮಾಡಿತು. 1492ರಲ್ಲಿ ಹೊರಹಾಕಿದ ಯಹೂದಿಗಳ ವಂಶದವರು ಅಂತ ತೋರಿಸಿಕೊಟ್ಟರೆ ಪೌರತ್ವ ಕೊಡುತ್ತೇವೆ ಅಂದಿತು. 2019ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಐನೂರು ವರ್ಷ ಕಳೆದ ಮೇಲಾದರೂ ಒಂದು ತಪ್ಪನ್ನು ತಪ್ಪು ಅಂತ ಒಪ್ಪಿಕೊಂಡದ್ದಕ್ಕೆ ನನಗೆ ನಿಜವಾಗಿ ಸಂತೋಷ ಇದೆ. ಆದರೆ ಗ್ರನಾಡಾದ ಕೀಲಿಕೈ ಕೊಟ್ಟು, ರಾಜ ರಾಣಿಯರ ಸಹಿ ಇರುವ ಕಾಗದ ಪಡೆದವರ ವಂಶದವರಿಗೆ, ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾಗಳಲ್ಲಿ ಇವತ್ತಿಗೂ ಆಂಡಲೂಸಿಯಾದ ಮನೆತನದ ಹೆಸರು ಇಟ್ಟುಕೊಂಡಿರುವವರಿಗೆ, ಆ ಕಾನೂನು ಅನ್ವಯ ಆಗಲಿಲ್ಲ. ನಮ್ಮನ್ನೂ ಸೇರಿಸಿ ಅಂತ ಅವರು ಕೇಳಿದ್ದರು. ಅವರಿಗಾಗಿ ಬೇರೆ ಕಾನೂನೂ ಬರಲಿಲ್ಲ.